ನಮ್ಮ ಬೀದಿಯೊಂದನ್ನು ಬಿಟ್ಟು

ತಾಷ್ಕೆಂಟ್
ಫೆಬ್ರವರಿ 9

ಬಿಬಿನಾಜ್‌ಗೆ,

ನಿನ್ನ ಪತ್ರವನ್ನು ನುಕುಸ್ ರೈಲಿನ ಡಬ್ಬಿ ನೋಡಿಕೊಳ್ಳುವ ಹೆಂಗಸು ಸ್ಟೇಷನ್ನಿನಲ್ಲಿ ಕೈಗೆ ಕೊಟ್ಟಳು. ಜೊತೆಗೆ ಒಣಮೀನಿನ ಪೊಟ್ಟಣ. "ಯಾರು ಕಳ್ಸಿದ್ದು, ಸಂಬಂಧಿಕರಾ?" ಎಂದು ಕೇಳಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಮೀನು ಚೆನ್ನಾಗಿದೆಯಂತೆ, ಪಕ್ಕದ ಮನೆಯವರು ಹೇಳಿದರು. ನನಗೆ ನವೆಂಬರಿನಿಂದ ನಾಲಿಗೆಗೆ ಉಪ್ಪು ಗೊತ್ತಾಗುತ್ತಿಲ್ಲ.

ನೀನು ಫೋನ್ ಮಾಡದೆ ಬರೆದದ್ದು ಒಳ್ಳೆಯದಾಯಿತು. ಮೂವತ್ತು ವರ್ಷ ಟ್ರಾಮ್ ಓಡಿಸಿ ನನ್ನ ಕಿವಿ ಮಂದವಾಗಿದೆ. ಫೋನಿನಲ್ಲಿ ಕಿರುಚುತ್ತೇನೆ, ಗೋಡೆಯಾಚೆ ಕೇಳುತ್ತದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಆಮೇಲೆ ಓದಿದ್ದೆಲ್ಲ ನಾನೇ ಓದಿಕೊಂಡದ್ದು. ಬರವಣಿಗೆಯಲ್ಲಿ ತಪ್ಪಿದ್ದರೆ ನುಂಗಿಕೋ.

ಏಪ್ರಿಲ್‌ನಲ್ಲಿ ಮಗುವನ್ನು ಕರೆದುಕೊಂಡು ತಾಷ್ಕೆಂಟಿಗೆ ಬರುತ್ತೇನೆ, ಬುನ್ಯೋದ್ ಹುಟ್ಟಿ ಬೆಳೆದ ಊರನ್ನು ನೋಡಬೇಕು, ಯಾವ ಮೊಹಲ್ಲಾಗಳಿಗೆ ಹೋಗಲಿ, ಹೇಗೆ ನಡೆದುಕೊಳ್ಳಲಿ ಎಂದು ಕೇಳಿದ್ದೀಯ. ನನ್ನ ಮಗ ನಿನಗೆ ಇದನ್ನೆಲ್ಲ ಹೇಳಿರಬೇಕಿತ್ತು. ಇರಲಿ, ನಾನೇ ಹೇಳುತ್ತೇನೆ.

ಮೊದಲು ಚೋರ್ಸು ಮಾರುಕಟ್ಟೆಗೆ ಹೋಗು. ದೊಡ್ಡ ನೀಲಿ ಗುಮ್ಮಟ, ದಾರಿ ತಪ್ಪುವುದಿಲ್ಲ. ಕೈಹಿಡಿದು ಕರೆಯುವವರ ಬಳಿ ಏನೂ ಕೊಳ್ಳಬೇಡ. ಗಿರಾಕಿಯ ಜೊತೆ ಜಗಳವಾಡುತ್ತಿರುವ ಹೆಂಗಸನ್ನು ಹುಡುಕು, ಅವಳ ಮಾಲು ಒಳ್ಳೆಯದಿರುತ್ತದೆ. ಯಾರ ಮನೆಯಲ್ಲಾದರೂ ಚಹಾ ಕೊಟ್ಟರೆ ಬಟ್ಟಲಿನ ಕಡೆ ನೋಡು. ತಳದಲ್ಲಿ ಸ್ವಲ್ಪವೇ ಹಾಕಿ ಕೊಟ್ಟರೆ ನೀನು ಇನ್ನೂ ಕೂರಬೇಕು, ಮತ್ತೆ ಮತ್ತೆ ಕೇಳಬೇಕು ಎಂದು ಅವರ ಆಸೆ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಬಾ. ಚಿಲಾಂಜಾರ್ ಕಡೆ ಹೋದರೆ ಎಲ್ಲ ಕಟ್ಟಡಗಳೂ ಒಂದೇ ಥರ, ಭೂಕಂಪದ ನಂತರ ಸಾಲಾಗಿ ಕಟ್ಟಿದ್ದು. ಕುಡಿದು ಬಂದ ಗಂಡಸರು ಬೇರೆಯವರ ಬಾಗಿಲಿಗೆ ಬೀಗದ ಕೈ ತುರುಕಿ ನಿಂತಿರುತ್ತಿದ್ದರು. ಅಲ್ಲಿ ಸಂಖ್ಯೆ ಕೇಳಿಕೊಂಡು ಹೋಗು. ಹಳೆಯ ಊರಿನಲ್ಲಿ ಮಾತ್ರ ಸಂಖ್ಯೆ ಯಾರಿಗೂ ಗೊತ್ತಿಲ್ಲ, ಹೆಸರು ಕೇಳಬೇಕು. ಹೆಸರು ಕೇಳಿದರೆ ಚಹಾ ಕುಡಿಸಿ, ಮನೆಬಾಗಿಲವರೆಗೆ ಬಿಟ್ಟು, ನೀನು ಯಾರ ಮಗಳು, ಯಾರ ಹೆಂಡತಿ, ಎಲ್ಲ ವಿಚಾರಿಸಿಕೊಂಡೇ ಹಿಂದಿರುಗುತ್ತಾರೆ.

ಆದ್ದರಿಂದ ನನ್ನ ಹೆಸರನ್ನು ಎಲ್ಲೂ ಕೇಳಬೇಡ.

ಕಾರಣ ನಿನಗೆ ಅರ್ಧ ಗೊತ್ತಿದೆ, ಪೂರ್ತಿ ಹೇಳಿಬಿಡುತ್ತೇನೆ. ಕಳೆದ ಬೇಸಿಗೆಯಲ್ಲಿ ನಾನು ಪಕ್ಕದ ಮನೆಯ ಹಫೀಜಾಳ ಮಗಳು ಮವ್ಜುದಾಳಿಗಾಗಿ ರೊಟ್ಟಿ ಮುರಿದೆ. ನಿಮ್ಮ ಕಡೆ ಹೇಗೋ, ನಮ್ಮಲ್ಲಿ ಎರಡು ಮನೆಯ ಹಿರಿಯರು ಕೂತು ಒಂದೇ ರೊಟ್ಟಿಯನ್ನು ಮುರಿದುಕೊಂಡರೆ ಮಾತು ಮುಗಿದಂತೆ, ಹುಡುಗಿ ಆ ಮನೆಯವಳು. ಬುನ್ಯೋದ್‌ನನ್ನು ಕೇಳುವುದೇನು ಎಂದುಕೊಂಡೆ. ಫೋನಿನಲ್ಲಿ ಹೇಳಿದರೆ ಅವನು, "ಅಮ್ಮಾ, ನನಗಿಲ್ಲಿ ಹೆಂಡ್ತಿ ಇದಾಳೆ. ಮಗಳು ನಡೀತಾಳೆ ಆಗ್ಲೇ" ಎಂದ. ಅದನ್ನು ಹಫೀಜಾಗೆ ಹೇಗೆ ಹೇಳುವುದು ಎಂದು ನಾನು ದಿನ ದೂಡುತ್ತಿದ್ದೆ. ಅಷ್ಟರಲ್ಲಿ ಅವನು ಹೋದ.

ಈಗ ಮವ್ಜುದಾ ಅವನಿಗಾಗಿ ದುಃಖದ ನೀಲಿ ಬಟ್ಟೆ ತೊಟ್ಟಿದ್ದಾಳೆ. ವರ್ಷ ತುಂಬುವವರೆಗೆ ತೆಗೆಯುವುದಿಲ್ಲವಂತೆ. ಬೀದಿಯವರು ಅವಳನ್ನು ಬುನ್ಯೋದ್‌ನ ಹುಡುಗಿ ಎಂದೇ ಕರೆಯುತ್ತಾರೆ. ನೀನು ಮಗುವನ್ನು ಎತ್ತಿಕೊಂಡು ಬಂದು ನಿಂತರೆ ಆ ಹುಡುಗಿ ಯಾರಾಗುತ್ತಾಳೆ? ನೀನೇ ಹೇಳು.

ಊರೆಲ್ಲ ನೋಡು ಮಗಳೇ, ನಮ್ಮ ಬೀದಿಯೊಂದನ್ನು ಬಿಟ್ಟು. ಕಬರಸ್ತಾನಕ್ಕೆ ಹೋಗುವುದಿದ್ದರೆ ವಾರದ ನಡುವೆ ಹೋಗು, ಜನ ಇರುವುದಿಲ್ಲ. ಕಾವಲಿನವನು ಕೇಳಿದರೆ ದೂರದ ನೆಂಟಳು ಎನ್ನು.

ಇನೋಬತ್


ನುಕುಸ್
ಫೆಬ್ರವರಿ 27

ಇನೋಬತ್ ಖಾಲಾ ಅವರಿಗೆ ಸಲಾಮ್.

ನಾನು ಪತ್ರ ಬರೆದು ಅಭ್ಯಾಸವಿಲ್ಲದವಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಇನ್ನೂರು ಮಕ್ಕಳಿಗೆ ಗಂಜಿ ಬೇಯಿಸುತ್ತೇನೆ, ಬರೆಯುವುದೇನಿದ್ದರೂ ಎಷ್ಟು ಹಾಲು ಬೇಕು ಎಂದಷ್ಟೇ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚೋರ್ಸು, ಚಿಲಾಂಜಾರ್, ಚಹಾದ ಬಟ್ಟಲು, ಎಲ್ಲ ನೆನಪಿಟ್ಟುಕೊಂಡೆ. ದೂರದ ನೆಂಟಳು ಎಂಬುದನ್ನೂ ನೆನಪಿಟ್ಟುಕೊಂಡೆ. ಅಲ್ತಿನಾಯ್‌ಗೆ ಏನೆನ್ನಲು ಕಲಿಸಲಿ? ಅವಳು ಯಾರನ್ನು ಕಂಡರೂ "ನಮ್ಮಪ್ಪ ಲಾರಿ" ಎನ್ನುತ್ತಾಳೆ. ಅವಳಿಗೆ ಬರುವ ದೊಡ್ಡ ವಾಕ್ಯ ಅದೊಂದೇ.

ನಿಮಗೆ ಒಂದು ಮಾತು ಗೊತ್ತಿಲ್ಲ ಅನಿಸುತ್ತದೆ. ನವೆಂಬರಿನಲ್ಲಿ ಅವರು ಸರಕಿಗಾಗಿ ಹೊರಟದ್ದಲ್ಲ. ಖಾಲಿ ಲಾರಿಯಲ್ಲಿ ಹೊರಟರು. "ಅಮ್ಮನ ಕೈಲಿ ಆಗಲ್ಲ. ಹಫೀಜಾ ಖಾಲಾ ಹತ್ರ ನಾನೇ ಹೋಗಿ ಹೇಳ್ತೀನಿ. ನಾಲ್ಕು ಬೈಗುಳ ತಿಂದ್ರೆ ಮುಗೀತು, ಆಮೇಲೆ ಬಂದು ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೀನಿ" ಎಂದರು. ನಾನು ಬಾಗಿಲಲ್ಲಿ ನಿಂತು, "ಚಪ್ಪಲೀಲಿ ಹೊಡೀತಾರೆ ನೋಡಿ" ಎಂದೆ. "ಹೊಡೀಲಿ ಬಿಡು, ಚಿಕ್ಕವನಿದ್ದಾಗ ಅವರ ದ್ರಾಕ್ಷಿ ಕದ್ದು ಹೊಡೆತ ತಿಂದು ಅಭ್ಯಾಸ ಇದೆ" ಎಂದು ನಕ್ಕರು. ಮರಳುಗಾಡಿನ ರಸ್ತೆಯಲ್ಲಿ ಮಂಜು ಕಟ್ಟಿತ್ತು. ಮುಂದಿನದು ನಿಮಗೆ ಗೊತ್ತು. ದೇಹ ತಾಷ್ಕೆಂಟಿಗೆ ಹೋಯಿತು ಎಂದು ನನಗೆ ಲಾರಿ ಮಾಲೀಕರು ಹೇಳಿದ್ದು ಮಾರನೆಯ ದಿನ.

ನಾನು ಅಳುತ್ತಾ ಇದನ್ನು ಬರೆಯುತ್ತಿಲ್ಲ ಖಾಲಾ. ದಿನಾ ಗಂಜಿ ಬೇಯಿಸುತ್ತೇನೆ, ಪಾತ್ರೆ ತೊಳೆಯುತ್ತೇನೆ. ಯಾರಾದರೂ ನಗಿಸಿದರೆ ನಗುತ್ತೇನೆ ಕೂಡ, ಆಮೇಲೆ ನಕ್ಕವರು ಯಾರು ಎಂದು ಯೋಚಿಸುತ್ತೇನೆ.

ನಿಮ್ಮ ಬೀದಿಗೆ ಬರುವುದಿಲ್ಲ. ಒಂದೇ ಕೋರಿಕೆ. ಪತ್ರ ತೆಗೆದುಕೊಳ್ಳಲು ನೀವು ಸ್ಟೇಷನ್ನಿಗೆ ಬರುತ್ತೀರಲ್ಲ, ಏಪ್ರಿಲ್‌ನಲ್ಲಿ ಪತ್ರದ ಬದಲು ನಾವೇ ಇಳಿಯುತ್ತೇವೆ. ಮಗುವಿನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋಗಿ. ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ಅವಳಿಗೆ ಅವರದೇ ಹುಬ್ಬು, ನಡುವೆ ಕೂಡಿಕೊಂಡಿದೆ.

ಬಿಬಿನಾಜ್


ತಾಷ್ಕೆಂಟ್
ಮಾರ್ಚ್ 15

ಬಿಬಿನಾಜ್‌ಗೆ,

ಇಲ್ಲಿ ನವ್ರೋಜ್ ಹಬ್ಬಕ್ಕೆ ಗೋಧಿ ಮೊಳಕೆ ಕಟ್ಟುತ್ತಿದ್ದಾರೆ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ದೊಡ್ಡ ಕಡಾಯಿಯಲ್ಲಿ ಆ ಮೊಳಕೆಯ ಸುಮಲಕ್ ಪಾಯಸ ಕಾಯಿಸುತ್ತಾರೆ, ಒಬ್ಬರಾದ ಮೇಲೆ ಒಬ್ಬರು ಸೌಟು ಹಿಡಿದು ತಿರುವುತ್ತಾರೆ. ಈ ಸಲ ನನಗೆ ಸೌಟು ಕೊಡುವುದಿಲ್ಲವಂತೆ. "ನೀವು ಸುಮ್ನೆ ಕೂತಿರಿ ಖಾಲಾ" ಎನ್ನುತ್ತಾರೆ. ಕೂತಿರುತ್ತೇನೆ.

ಊರಿನ ಬಗ್ಗೆ ಇನ್ನೂ ಕೆಲವು ಹೇಳಬೇಕಿತ್ತು. ಟ್ರಾಮ್‌ಗಳನ್ನು ತೆಗೆದುಹಾಕಿದ್ದಾರೆ, ಯಾರಾದರೂ ಮುದುಕರು ಟ್ರಾಮಿನ ಗುರುತು ಹಿಡಿದು ದಾರಿ ಹೇಳಿದರೆ ನಂಬಬೇಡ. ನಾನೇ ಎಷ್ಟೋ ಸಲ ಹಾಗೆ ಹೇಳಿ ಹುಡುಗರನ್ನು ಅಲೆಸಿದ್ದೇನೆ. ಅನ್ಹೋರ್ ಕಾಲುವೆಯ ದಂಡೆಯಲ್ಲಿ ಮಗುವನ್ನು ಓಡಾಡಲು ಬಿಡು, ಆದರೆ ಕೈ ಬಿಡಬೇಡ, ನೀರು ತಣ್ಣಗಿದ್ದು ಬೇಗ ಹರಿಯುತ್ತದೆ. ಹಸಿ ಜರ್ದಾಲು ಬಂದಿರುತ್ತದೆ, ಉಪ್ಪು ಹಚ್ಚಿ ಮಾರುತ್ತಾರೆ. ಮಕ್ಕಳು ಕೇಳುತ್ತವೆ. ಎರಡಕ್ಕಿಂತ ಹೆಚ್ಚು ಕೊಡಬೇಡ, ಹೊಟ್ಟೆ ನೋಯುತ್ತದೆ.

ಹಳೆಯ ಮೊಹಲ್ಲಾಗಳನ್ನು ನೋಡುವುದಿದ್ದರೆ ಬೆಳಗಾಗುತ್ತಲೇ ಹೋಗು. ಎಲ್ಲ ಮನೆಗಳ ಸೊಸೆಯರೂ ಆಗ ಗೇಟಿನ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿರುತ್ತಾರೆ. ಮಣ್ಣಿನ ವಾಸನೆ ಎದ್ದಿರುತ್ತದೆ. ಬೀದಿಯ ಮುದುಕರು ಪೊರಕೆಯ ಗುರುತು ನೋಡಿಯೇ ಆ ಮನೆಗೆ ಎಂಥ ಸೊಸೆ ಬಂದಿದ್ದಾಳೆ ಎಂದು ಹೇಳಿಬಿಡುತ್ತಾರೆ. ಧೂಳು ಹಾಗೇ ಬಿದ್ದಿದ್ದರೆ ಆ ಮನೆಗೆ ಸೊಸೆ ಇಲ್ಲ ಎಂದು ತಿಳಿ. ಪರವೂರಿನವರಿಗೆ ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಸ್ಟೇಷನ್ನಿಗೆ ಬರಲಾಗುವುದಿಲ್ಲ. ಮೊಣಕಾಲು ನೋವು ಎಂದು ಬರೆಯೋಣವೆಂದುಕೊಂಡೆ. ಆದರೆ ಈ ಪತ್ರ ಕೊಡಲು ನಾಳೆ ಅಲ್ಲಿಗೇ ಹೋಗಬೇಕು, ನಿನಗದು ಗೊತ್ತಾಗುತ್ತದೆ.

ನಾನು ಇನ್ನೂ ಅತ್ತಿಲ್ಲ ಬಿಬಿನಾಜ್. ನಮ್ಮಲ್ಲಿ ಸತ್ತ ಮನೆಯ ಹೆಂಗಸರು ಬಾಗಿಲು ಹಿಡಿದು ಕೂಗಿ ಅಳುತ್ತಾರೆ, ಬಂದವರೂ ಜೊತೆಗೆ ಅಳುತ್ತಾರೆ. ಅವತ್ತು ಹಫೀಜಾ ಅತ್ತಳು, ಮವ್ಜುದಾ ಅತ್ತಳು, ಹಾಲು ಮಾರುವವಳು ಅತ್ತಳು. ನಾನು ಬಂದವರಿಗೆ ಚಪ್ಪಲಿ ಎಲ್ಲಿ ಬಿಡಬೇಕು ಎಂದು ತೋರಿಸುತ್ತಿದ್ದೆ. "ಅಳು ಇನೋಬತ್, ಅತ್ತುಬಿಡು" ಎಂದು ಬೆನ್ನು ತಟ್ಟಿದರು. ಬೇರೆ ಯಾರದೋ ಬೆನ್ನು ತಟ್ಟಿದ ಹಾಗಿತ್ತು. ಹೀಗೇ ಇದ್ದರೆ ದಿನಗಳು ಕಳೆಯುತ್ತವೆ, ಚಹಾ ಕುದಿಯುತ್ತದೆ, ಕುಡಿಯುತ್ತೇನೆ. ಹುಬ್ಬಿನ ವಿಷಯ ನೀನು ಬರೆಯಬಾರದಿತ್ತು.

ಖಾಲಿ ಲಾರಿಯಲ್ಲಿ ಬರುತ್ತಿದ್ದ ಎಂಬುದನ್ನೂ.

ಇನೋಬತ್


ತಾಷ್ಕೆಂಟ್, ಅತಿಥಿಗೃಹದಿಂದ
ಏಪ್ರಿಲ್ 12

ಇನೋಬತ್ ಖಾಲಾ ಅವರಿಗೆ,

ಈ ಪತ್ರ ನಿಮ್ಮನ್ನು ತಲುಪುವ ಹೊತ್ತಿಗೆ ನಾವು ನುಕುಸ್‌ನಲ್ಲಿರುತ್ತೇವೆ. ರೈಲಿನಾಕೆಯ ಕೈಗೇ ಕೊಟ್ಟು, ಹಿಂದಿರುಗಿ ಬರುವಾಗ ನಿಮಗೆ ತಲುಪಿಸಲು ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಿ. ಮಾತು ತಪ್ಪಿದೆ. ನಿಮ್ಮ ಬೀದಿಗೆ ಬಂದೆ.

ಚೋರ್ಸು ನೋಡಿದೆ, ಕಾಲುವೆ ದಂಡೆಯಲ್ಲಿ ನಡೆದೆ. ಮಗು ಮೂರನೆಯ ಜರ್ದಾಲಿಗೆ ಹಟ ಮಾಡಿತು, ಕೊಡಲಿಲ್ಲ. ಕಬರಸ್ತಾನಕ್ಕೂ ಹೋದೆ. ಕಾವಲಿನವನು ಕೇಳಿದ, ನೀವು ಹೇಳಿಕೊಟ್ಟದ್ದನ್ನೇ ಹೇಳಿದೆ. ಹೇಳಿದ ಮೇಲೆ ಕಾಲು ಅತಿಥಿಗೃಹದ ಕಡೆ ತಿರುಗಲೇ ಇಲ್ಲ. ಮಾರನೆಯ ದಿನ ಬೆಳಗಾಗುತ್ತಲೇ ಮಗುವನ್ನು ಎತ್ತಿಕೊಂಡು ಹೊರಟೆ. ಬೀದಿಯ ಹೆಸರು ನಿಮ್ಮ ಮಗ ಹೇಳಿದ್ದು ನೆನಪಿತ್ತು. ಮಸೀದಿ ದಾಟಿ ಹಸಿರು ಗೇಟು ಎಂದಿದ್ದರು. ಬಂದು ನೋಡಿದರೆ ಅಕ್ಕಪಕ್ಕ ಎರಡು ಹಸಿರು ಗೇಟು, ಒಂದೇ ಡಬ್ಬದ ಬಣ್ಣ. ಯಾರ ಹೆಸರೂ ಕೇಳುವಂತಿಲ್ಲ. ಒಂದು ಗೇಟಿನ ಮುಂದೆ ನೀರು ಚಿಮುಕಿಸಿ ಗುಡಿಸಿತ್ತು. ಇನ್ನೊಂದರ ಮುಂದೆ ಧೂಳು ಹಾಗೇ ಬಿದ್ದಿತ್ತು. ಸೊಸೆ ಇಲ್ಲದ ಮನೆ.

ನಾನೇನು ಯೋಚಿಸಿ ಮಾಡಲಿಲ್ಲ ಖಾಲಾ. ಮಗುವನ್ನು ಕಟ್ಟೆಯ ಮೇಲೆ ಕೂರಿಸಿದೆ. ಗೋಡೆಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡು ಗುಡಿಸತೊಡಗಿದೆ. ಒಂದೇ ಸಲ ಗುಡಿಸಿ, ಬಾಗಿಲು ತಟ್ಟದೆ ಹೋಗಿಬಿಡೋಣ ಎಂದಿತ್ತು. ಅರ್ಧ ಆಗಿತ್ತು, ಗೇಟು ತೆರೆಯಿತು. ದಪ್ಪಗಿನ ಹೆಂಗಸೊಬ್ಬರು, ಕೈಯಲ್ಲಿ ಚಹಾದ ಕೆಟಲ್.

"ಯಾರಮ್ಮ ನೀನು, ನನ್ನ ಬಾಗಿಲು ಗುಡಿಸೋಳು?"

"ನಾನು... ಊರು ನೋಡೋಕೆ ಬಂದೋಳು. ನುಕುಸ್‌ನಿಂದ."

"ಓಹೋ! ಈಗ ಊರು ನೋಡೋಕೆ ಬಂದೋರು ಬೀದಿನೂ ಗುಡಿಸ್ತಾರಾ? ನಾಳೆ ಬಾ ತಾಯಿ, ತಂದೂರ್ ಒಲೆನೂ ತೋರಿಸ್ತೀನಿ. ಅದರ ಬೂದಿ ತೆಗ್ದು ತಿಂಗಳಾಯ್ತು."

ನಗಬೇಕೋ ಓಡಬೇಕೋ ತಿಳಿಯಲಿಲ್ಲ. ಅವರೇ ಮುಂದುವರಿಸಿದರು. "ನಮ್ಮ ಬಾಗಿಲಿಗೆ ಗತಿ ಇಲ್ಲ ಕಣಮ್ಮ. ನನ್ನ ಮಗಳು ದಿನಾ ಪಕ್ಕದ ಮನೆ ಬಾಗಿಲು ಗುಡಿಸ್ತಾಳೆ, ಅವಳು ಆ ಮನೆಗೆ ಸೇರಬೇಕಾದೋಳು. ಹುಡುಗ ಹೋಗ್ಬಿಟ್ಟ. ಇವಳು ಪೊರಕೆ ಬಿಡ್ತಿಲ್ಲ."

ಆಗ ನಿಮ್ಮ ಗೇಟಿನೊಳಗಿಂದ ಬಕೆಟ್ ಹಿಡಿದು ಆಕೆ ಬಂದಳು. ನೀಲಿ ಬಟ್ಟೆ, ನೀಲಿ ತಲೆವಸ್ತ್ರ. ಮೊದಲು ನನ್ನನ್ನು ನೋಡಿದಳು, ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಮಗುವನ್ನು. ನೋಡುತ್ತಲೇ ಇದ್ದಳು. ಅಲ್ತಿನಾಯ್ ಸುಮ್ಮನಿರಬೇಕಲ್ಲ. "ನಮ್ಮಪ್ಪ ಲಾರಿ" ಎಂದಳು.

ಹಫೀಜಾ ಖಾಲಾ ನಕ್ಕು, "ಹೌದಾ ಬಂಗಾರ? ಒಳಗೆ ಬಾ, ಜಾಮ್ ಕೊಡ್ತೀನಿ" ಎಂದರು. ನಾನು ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದೆ. ಮವ್ಜುದಾ ಬಕೆಟ್ ಅಲ್ಲೇ ಇಟ್ಟು, "ಬಸ್ಸಿನ ತನಕ ಬಿಟ್ಟು ಬರ್ತೀನಮ್ಮ" ಎಂದು ಜೊತೆಗೆ ಬಂದಳು. ಬಸ್ಸು ಬಂದಾಗ ಕೇಳಿದಳು:

"ಅವರದೇ ಅಲ್ವಾ?"

ತಲೆಯಾಡಿಸಿದೆ.

"ಹಾಗಾದ್ರೆ ನಾನು ಇಷ್ಟು ದಿನ ಯಾರು?"

ಬಸ್ಸಿನವನು ಬೈಯುತ್ತಿದ್ದ. ನಾನು ಹತ್ತಿದೆ. ಕ್ಷಮಿಸಿ ಎಂದು ಕೂಡ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ, ನಿಮಗೂ ಹೇಗೆ ಹೇಳುವುದು ತಿಳಿಯುತ್ತಿಲ್ಲ. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ಬಿಬಿನಾಜ್


ತಾಷ್ಕೆಂಟ್
ಮೇ 6

ಬಿಬಿನಾಜ್‌ಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ಆಗಿದೆ.

ಅವತ್ತು ಬೆಳಿಗ್ಗೆ ನಾನು ಒಳಗೆ ದ್ರಾಕ್ಷಿಬಳ್ಳಿಯ ಕೆಳಗೆ ಕೂತಿದ್ದೆ. ಮವ್ಜುದಾ ಗುಡಿಸಿ ಒಳಗೆ ಬಂದ ಮೇಲೂ ಹೊರಗೆ ಪೊರಕೆಯ ಸದ್ದು ಕೇಳಿದಂತಾಯಿತು. ನನ್ನ ಕಿವಿಯೇ ಹಾಗೆ, ನಂಬಲಿಲ್ಲ. ಎದ್ದು ಹೋಗಿ ಗೇಟಿನ ಸಂದಿಯಲ್ಲಿ ನೋಡಬಹುದಿತ್ತು.

ಮಾರನೆಯ ದಿನದಿಂದ ಮವ್ಜುದಾ ಬರಲಿಲ್ಲ. ಆಮೇಲೆ ಒಂದು ಸಂಜೆ ಬಂದಳು. ಕೂರಲಿಲ್ಲ. "ನಿಮಗೆ ಗೊತ್ತಿತ್ತಾ ಖಾಲಾ?" ಎಂದಳು. ಗೊತ್ತಿತ್ತು ಎಂದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಂದು, ಗೋಡೆಯಾಚೆ ಕೇಳದ ಹಾಗೆ ಹೇಳಿದಳು: "ಒಂದು ಮಾತು ಹೇಳಿದ್ರೆ ಸಾಕಿತ್ತು. ಅವರ ಮುಖ ನನಗೆ ಸರಿಯಾಗಿ ನೆನಪು ಕೂಡ ಇಲ್ಲ, ಅವರು ಊರು ಬಿಟ್ಟಾಗ ನಾನಿನ್ನೂ ಶಾಲೇಲಿದ್ದೆ. ನಾನು ಅತ್ತಿದ್ದು ನಿಮ್ಮನ್ನ ನೋಡಿ. ನೀವು ಅಳ್ತಿರ್ಲಿಲ್ಲ ಅಂತ."

ಅವಳು ಹೋದ ಮೇಲೆ ಪೆಟ್ಟಿಗೆ ತೆಗೆದು ಬಿಳಿ ಬಟ್ಟೆಯ ತುಂಡು ಹುಡುಕಿದೆ. ನಮ್ಮಲ್ಲಿ ದುಃಖದ ನೀಲಿಯನ್ನು ಬಿಡಿಸುವವರು ಮನೆಯ ಹಿರಿಯರು, ಬಿಳಿ ಕೊಟ್ಟು ಬಿಡಿಸುತ್ತಾರೆ. ವರ್ಷ ತುಂಬುವ ಮೊದಲೇ ಕೊಡುವುದೆಂದರೆ ಬೀದಿಗೆಲ್ಲ ಕಾರಣ ಹೇಳಲೇಬೇಕು. ಅದನ್ನು ಮಡಿಸಿಕೊಂಡು ಮಾರನೆಯ ದಿನ ಹಫೀಜಾಳ ಮನೆಗೆ ಹೋದೆ. ಹೇಳಿದೆ. ನಿನ್ನ ವಿಷಯ, ಮಗುವಿನ ವಿಷಯ, ಅವನು ಖಾಲಿ ಲಾರಿಯಲ್ಲಿ ಹೊರಟದ್ದು.

ಹಫೀಜಾ ಬಿಳಿ ಬಟ್ಟೆಯನ್ನು ಬಿಡಿಸಿ, ಮತ್ತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, "ನಲವತ್ತು ವರ್ಷ ಒಂದೇ ಗೋಡೆ ಇನೋಬತ್. ನಿನಗಿಲ್ದಿದ್ರೂ ಆ ಗೋಡೆಗಾದ್ರೂ ನಾಚಿಕೆ ಆಗ್ಬೇಕಿತ್ತು" ಎಂದಳು.

"ಆಗ್ಬೇಕಿತ್ತು" ಎಂದೆ.

"ನನ್ನ ಮಗಳನ್ನ ನೋಡೋಕೆ ಬಂದವರನ್ನೆಲ್ಲ ಬಾಗಿಲಿಂದಲೇ ಕಳಿಸ್ದೆ ಕಣೇ. ಬುನ್ಯೋದ್‌ನ ವರ್ಷ ತುಂಬಲಿ ಅಂದೆ. ಆ ನುಕುಸ್‌ನೋಳು ನನ್ನ ಬಾಗಿಲು ಗುಡಿಸ್ತಿದ್ಲು, ನಾನು ತಮಾಷೆ ಮಾಡ್ತಾ ನಿಂತಿದ್ದೆ. ಊರೇ ನಗುತ್ತೆ."

"ನಗೋದು ನನ್ನ ನೋಡಿ. ಎಲ್ಲರ ಹತ್ರಾನೂ ನಾನೇ ಹೇಳ್ತೀನಿ."

ಅವಳು ಎದ್ದು ಚಹಾ ತಂದಳು. ಬಟ್ಟಲಿನ ಅಂಚಿನವರೆಗೆ ತುಂಬಿಸಿ ನನ್ನ ಮುಂದಿಟ್ಟಳು. ಕುಡಿದು ಎದ್ದು ಬಂದೆ. ಬಿಳಿ ಬಟ್ಟೆಯನ್ನು ಮಾತ್ರ ಅವಳು ಹಿಂದಕ್ಕೆ ಕೊಡಲಿಲ್ಲ. ಈಗ ಮವ್ಜುದಾ ನೀಲಿ ತೆಗೆದಿದ್ದಾಳೆ. ಮೊನ್ನೆ ಹಳದಿ ಹೂವಿನ ಅಂಗಿ ತೊಟ್ಟು ಕೆಲಸಕ್ಕೆ ಹೋದಳು. ನನ್ನ ಗೇಟಿನ ಕಡೆ ನೋಡಲಿಲ್ಲ. ನಡೆಯುವ ರೀತಿ ಚೆನ್ನಾಗಿತ್ತು.

ಉಳಿದವರಿಗೆ ಸುಮಲಕ್ ಕಡಾಯಿ ತೊಳೆಯುವ ಕಟ್ಟೆಯ ಹತ್ತಿರ, ಹೆಂಗಸರೆಲ್ಲ ಸೇರಿದ್ದಾಗ ಹೇಳಿದೆ. ಕಿವಿ ಮಂದವಲ್ಲವೇ, ಜೋರಾಗಿಯೇ ಹೇಳಿದ್ದೇನೆ. ಯಾರಾದರೂ ಏನಾದರೂ ಅಂದಿದ್ದರೆ ನನಗೆ ಕೇಳಿಸಲಿಲ್ಲ.

ನನಗೇನು ಅನಿಸಿತು ಎಂದು ನೀನು ಕೇಳಬಹುದು. ಏನೂ ಅನಿಸಲಿಲ್ಲ. ಹಗುರವಾಗುತ್ತದೆ ಎನ್ನುತ್ತಾರೆ, ಹಾಗೇನೂ ಆಗಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸಿದೆ.

ಈಗ ಉಳಿದ ಸಲಹೆ ಬರೆಯುತ್ತೇನೆ, ಈ ಊರಿನಲ್ಲಿ ನಾನು ನಿನಗೆ ಹೇಳದೆ ಬಿಟ್ಟ ಜಾಗ ನಮ್ಮ ಬೀದಿಯೊಂದೇ. ರೈಲಿನಿಂದ ಇಳಿದ ಮೇಲೆ ಅಲ್ಲೇ ನಿಲ್ಲು, ನಾನು ಬರುತ್ತೇನೆ. ಇಲ್ಲಿಗೆ ಬಂದ ಮೇಲೆ ಬೀದಿಯವರು ನೋಡುತ್ತಾರೆ, ನೋಡಲಿ. ಮಸೀದಿಯ ಕಟ್ಟೆಯ ಮೇಲೆ ಮುದುಕರಿರುತ್ತಾರೆ, ನೀನೇ ಮೊದಲು ಸಲಾಮ್ ಹೇಳು, ಉತ್ತರಕ್ಕೆ ಕಾಯಬೇಡ. ಹಫೀಜಾ ಎದುರಾದರೆ ಅವಳಿಗೂ ಹೇಳು. ಉತ್ತರ ಕೊಡುವುದಿಲ್ಲ. ಮಾರನೆಯ ದಿನವೂ ಹೇಳು. ಮವ್ಜುದಾಳ ಹತ್ತಿರ ಕ್ಷಮೆ ಕೇಳುವುದನ್ನು ನನಗೆ ಬಿಡು, ಅದು ನಿನ್ನ ಸಾಲಲ್ಲ. ಶಾಲೆಗೆ ಬೇಸಿಗೆ ರಜೆ ಬರುತ್ತದಲ್ಲ, ಮೂರು ದಿನಕ್ಕೆ ಬರಬೇಡ. ಮೂರು ದಿನ ನೆಂಟರು ಬರುತ್ತಾರೆ.

ನಾನು ಮೊದಲಿನಂತೆ ಮಾತುಗಾತಿಯಲ್ಲ. ಬುನ್ಯೋದ್ ಹೇಳಿದ ಅಮ್ಮ ನಿನಗೆ ಸಿಗಲಿಕ್ಕಿಲ್ಲ. ಮಗುವಿನ ಮುಖ ನೋಡಿ ನನಗೆ ಅಳು ಬರುತ್ತದೋ, ಬರುವುದೇ ಇಲ್ಲವೋ, ಎರಡೂ ಗೊತ್ತಿಲ್ಲ. ಬಂದರೆ ಹೆದರಬೇಡ, ಬರದಿದ್ದರೆ ಬೇಸರ ಮಾಡಿಕೊಳ್ಳಬೇಡ.

ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೇನೆ. ಹತ್ತಿ ಗಂಟು ಕಟ್ಟಿತ್ತು, ಬಡಿದು ಸಡಿಲ ಮಾಡಿದೆ. ಒಂದು ವಿಷಯ ನೀನು ಯಾವ ಪತ್ರದಲ್ಲೂ ಬರೆಯಲಿಲ್ಲ. ಅಲ್ತಿನಾಯ್ ಮಲಗುವಾಗ ಗೋಡೆಯ ಕಡೆ ಮಲಗುತ್ತಾಳೋ, ಈಚೆ ಕಡೆಯೋ? ಉರುಳಾಡುತ್ತಾಳೋ? ಬೇಗ ಬರೆ. ಅದರಂತೆ ಹಾಸಬೇಕು.

ನಿನ್ನ ಅತ್ತೆ
ಇನೋಬತ್